ಹೆಣ ಕಾಯುತ್ತಿರುವಾಗ: ‘ಸಂಸ್ಕಾರ’ ಕಾದಂಬರಿಯ ರೂಪಕಭಾಷೆಯನ್ನು ಗುರುಮಠದಲ್ಲಿ ಓದುವ ಬಗೆ

ಗುರುಮಠದ ತರಗತಿಯಲ್ಲಿ ಕಾದಂಬರಿಯೊಂದನ್ನು ಓದಿ ಬರಲು ಹೇಳಿದರೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರವನ್ನು ಹೊತ್ತು ತರುತ್ತಾರೆ. ಮೊದಲನೆಯದು ನೀತಿ: ಈ ಕೃತಿ ನಮಗೆ ಇಂಥದ್ದನ್ನು ಕಲಿಸುತ್ತದೆ ಎಂಬ ಒಂದು ಸಾಲು. ಎರಡನೆಯದು ಪಟ್ಟಿ: ಇಲಿ ಇದರ ಸಂಕೇತ, ಹದ್ದು ಅದರ ಸಂಕೇತ, ನದಿ ಮತ್ತೊಂದರ ಸಂಕೇತ. ಎರಡರಲ್ಲೂ ಶ್ರಮವಿದೆ, ಎರಡರಲ್ಲೂ ಕತೆ ಮಾತ್ರ ಕಾಣೆಯಾಗಿರುತ್ತದೆ. ಈ ಅಭ್ಯಾಸಕ್ಕಾಗಿ ವಿದ್ಯಾರ್ಥಿಗಳನ್ನು ದೂರುವ ಹಕ್ಕು ನಮಗಿಲ್ಲ. ಅಧ್ಯಾಪನದ ಆರಂಭದ ವರ್ಷಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಾಠ ಮಾಡುವಾಗ ಕರಿಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ವಸ್ತುವನ್ನೂ ಬಲಕ್ಕೆ ಅದರ ಅರ್ಥವನ್ನೂ ಬರೆದುಕೊಟ್ಟವರು ನಾವೇ. ವಿದ್ಯಾರ್ಥಿಗಳು ಅದನ್ನು ಹಾಗೆಯೇ ಇಳಿಸಿಕೊಂಡರು, ಪರೀಕ್ಷೆಯಲ್ಲಿ ಬರೆದರು, ಅಂಕ ಪಡೆದರು. ಆ ಪಟ್ಟಿಯಲ್ಲಿ ಇದ್ದ ತಪ್ಪೇನೆಂಬುದು ನಮಗೆ ತಿಳಿಯಲು ಹಲವು ವರ್ಷಗಳು ಬೇಕಾದವು.

ಈ ಲೇಖನದಲ್ಲಿ ನಾವು ಪರಿಶೀಲಿಸಲು ಹೊರಟಿರುವುದು ಒಂದು ಸೀಮಿತ ಪ್ರಶ್ನೆಯನ್ನು. ಕಾದಂಬರಿಯೊಂದರಲ್ಲಿ ರೂಪಕ, ಪ್ರತೀಕ, ಶ್ಲೇಷೆ, ವ್ಯಂಗ್ಯ ಇವುಗಳು ಏನು ಮಾಡುತ್ತವೆ? ಅವುಗಳನ್ನು ತಪ್ಪಾಗಿ ಓದಿದರೆ ಕೆಡುವುದು ಸಾಹಿತ್ಯದ ರುಚಿ ಮಾತ್ರವೇ, ಇಲ್ಲವೇ ಯಾಜಕನ ಸೇವೆಯೂ ಕೆಡುತ್ತದೆಯೇ? ವಿಶ್ವಗುರು ಫ್ರಾನ್ಸಿಸ್ ಅವರು 2024ರ ಜುಲೈ 17ರ ದಿನಾಂಕದ ತಮ್ಮ ಪತ್ರದಲ್ಲಿ ಯಾಜಕರ ತರಬೇತಿಯಲ್ಲಿ ಕಥೆ, ಕಾದಂಬರಿ, ಕವಿತೆಗಳ ಓದಿಗೆ ಇರಬೇಕಾದ ಸ್ಥಾನವನ್ನು ಎತ್ತಿಹಿಡಿದ ಮೇಲೆ, ಓದಬೇಕೇ ಎಂಬ ಚರ್ಚೆ ಮುಗಿದಂತಾಗಿದೆ. ಹೇಗೆ ಓದಬೇಕು ಎಂಬ ಚರ್ಚೆಯನ್ನು ನಾವು ಇನ್ನೂ ಸರಿಯಾಗಿ ಆರಂಭಿಸಿಲ್ಲ.

ಅಕ್ಷರಾರ್ಥದ ಒಳಗೇ ರೂಪಕ

ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅಕ್ಷರಾರ್ಥವೆಂದರೆ ಕೆಳಗಿನ ಅಂತಸ್ತು, ರೂಪಕಾರ್ಥವೆಂದರೆ ಮೇಲಿನ ಅಂತಸ್ತು, ಏಣಿ ಹತ್ತಿದವನಿಗೆ ಕೆಳಗಿನದು ಬೇಡ ಎಂದು ನಾವು ಭಾವಿಸುತ್ತೇವೆ. ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ ಥಿಯಲಾಜಿಯಾ’ದ ಮೊದಲ ಪ್ರಶ್ನೆಯಲ್ಲೇ ಇದಕ್ಕೆ ತಡೆಹಾಕಿದ್ದಾರೆ. ಪವಿತ್ರ ಗ್ರಂಥದ ಎಲ್ಲ ಅರ್ಥಗಳೂ ಅಕ್ಷರಾರ್ಥದ ತಳಹದಿಯ ಮೇಲೆಯೇ ನಿಲ್ಲುತ್ತವೆ ಎಂದು ಹೇಳಿದ ಬಳಿಕ ಅವರು ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತಾರೆ: ಸಾಮತಿಯ ಅರ್ಥವೂ ಅಕ್ಷರಾರ್ಥದ ಒಳಗೇ ಅಡಕವಾಗಿದೆ. ಗ್ರಂಥವು ದೇವರ ಬಾಹುವನ್ನು ಕುರಿತು ಮಾತನಾಡುವಾಗ, ದೇವರಿಗೆ ತೋಳಿದೆ ಎಂಬುದು ಅದರ ಅಕ್ಷರಾರ್ಥವಲ್ಲ. ದೇವರ ಕಾರ್ಯಶಕ್ತಿಯೇ ಅದರ ಅಕ್ಷರಾರ್ಥ. ಅಂದರೆ ರೂಪಕವನ್ನು ರೂಪಕವಾಗಿ ಗ್ರಹಿಸುವುದೇ ಅಕ್ಷರವನ್ನು ನಿಷ್ಠೆಯಿಂದ ಓದುವ ಕ್ರಮ.

ನಮ್ಮ ನೆಲದ ಕಾವ್ಯಮೀಮಾಂಸೆ ಇದೇ ಮಾತನ್ನು ಬೇರೆ ದಾರಿಯಲ್ಲಿ ಬಂದು ಹೇಳಿದೆ. ವಾಚ್ಯಾರ್ಥಕ್ಕಿಂತ ಧ್ವನಿಯೇ ಕಾವ್ಯದ ಜೀವವೆಂದು ಸಾಧಿಸಿದ ಒಂಬತ್ತನೆಯ ಶತಮಾನದ ಆನಂದವರ್ಧನನು ವಾಚ್ಯಾರ್ಥವನ್ನು ಬಿಸಾಡಲು ಹೇಳಲಿಲ್ಲ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ಧ್ವನಿ ಬೇಕಾದವನು ವಾಚ್ಯವನ್ನು ಜೋಪಾನ ಮಾಡಬೇಕೆಂಬುದು ಅವನ ನಿಲುವು. ಪಟ್ಟಿ ಬರೆಯುವ ಓದುಗನು ಬೆಳಕಿನ ಆತುರದಲ್ಲಿ ದೀಪವನ್ನೇ ಆರಿಸಿಬಿಡುತ್ತಾನೆ.

‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅದೇ ವರ್ಷದ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ‘ದೇಯಿ ವೆರ್ಬುಮ್’ ಎಂಬ ಸಂವಿಧಾನವನ್ನು ಹೊರಡಿಸಿ, ಪವಿತ್ರ ಗ್ರಂಥದ ಲೇಖಕರ ಆಶಯವನ್ನು ಅರಿಯಬೇಕಾದರೆ ಅವರು ಬಳಸಿದ ಸಾಹಿತ್ಯ ಪ್ರಕಾರಗಳಿಗೆ ಗಮನ ಕೊಡಬೇಕೆಂದು ವಿಧಿಸಿತು. ಇದು ಕೇವಲ ಕಾಕತಾಳೀಯ. ಆದರೂ ಸಾಮತಿಯನ್ನು ಸಾಮತಿಯಾಗಿ ಓದಲು ಧರ್ಮಸಭೆ ನಮ್ಮನ್ನು ಒತ್ತಾಯಿಸಿದ ವರ್ಷದಲ್ಲೇ, ಕುರುಹುಗಳನ್ನು ಓದಲಾರದೆ ತತ್ತರಿಸುವ ಒಬ್ಬ ಶಾಸ್ತ್ರಜ್ಞನ ಕತೆ ಕನ್ನಡದಲ್ಲಿ ಬಂತೆಂಬುದನ್ನು ಮರೆಯುವುದು ಕಷ್ಟ.

ಶೀರ್ಷಿಕೆಯ ಶ್ಲೇಷೆ

ಕತೆಯನ್ನು ಬಲ್ಲವರಿಗೂ ಅದರ ಎಳೆಯನ್ನೊಮ್ಮೆ ನೆನಪಿಸುವುದು ಒಳಿತು. ಮಲೆನಾಡಿನ ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಕೈಹಿಡಿದ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯೊಡನೆ ಬಾಳಿದವನು, ಮದ್ಯಮಾಂಸ ಸೇವಿಸಿದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾದರೆ ಅವನ ಶವಕ್ಕೆ ಸಂಸ್ಕಾರ ಮಾಡತಕ್ಕವರು ಯಾರು? ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನು ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಮುಂದೆ ಹೂವಿನ ಪ್ರಸಾದಕ್ಕಾಗಿ ಕಾಯುತ್ತಾರೆ, ಹೂ ಬೀಳುವುದಿಲ್ಲ. ಕತ್ತಲಲ್ಲಿ ಮರಳುವಾಗ ಚಂದ್ರಿಯೊಡನೆ ಕೂಡುತ್ತಾರೆ. ಅಲ್ಲಿಂದ ಮುಂದಿನದು ಅವರೊಳಗಿನ ಪಯಣ.

ಶೀರ್ಷಿಕೆಯೇ ಈ ಕೃತಿಯ ಮೊದಲ ಅಲಂಕಾರ. ಸಂಸ್ಕಾರವೆಂದರೆ ಶವಸಂಸ್ಕಾರ, ಷೋಡಶ ಕರ್ಮಗಳಲ್ಲೊಂದು, ಮನಸ್ಸನ್ನು ಹದಗೊಳಿಸುವ ಶಿಕ್ಷಣ, ಹಿಂದಿನ ಅನುಭವ ಉಳಿಸಿಹೋದ ಅಚ್ಚು. 1976ರಲ್ಲಿ ಬಂದ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು ಈ ಪದದ ಅರ್ಥಾವಳಿಯನ್ನು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ರೆವರೆಂಡ್ ಕಿಟ್ಟೆಲ್ ಅವರ ನಿಘಂಟಿನಿಂದ ಎತ್ತಿ ಕತೆಗೆ ಮುನ್ನ ಇರಿಸಿತು. ಕನ್ನಡದ ಕ್ರೈಸ್ತರಾದ ನಮಗೆ ಆ ಪಟ್ಟಿಗೆ ಇನ್ನೂ ಒಂದು ಅರ್ಥವನ್ನು ಸೇರಿಸದೆ ವಿಧಿಯಿಲ್ಲ. ಜ್ಞಾನಸ್ನಾನದಿಂದ ಹಿಡಿದು ವ್ಯಾಧಿಷ್ಟರ ಅಭ್ಯಂಗದವರೆಗೆ ಏಳನ್ನೂ ನಾವು ಕರೆಯುವುದು ಸಂಸ್ಕಾರಗಳೆಂದೇ. ಈ ಹೆಸರು ಹೊತ್ತ ಪುಸ್ತಕವನ್ನು ಕೈಗೆತ್ತಿಕೊಂಡ ಯಾಜಕನು ‘ಇದು ಬೇರೆಯವರ ವಿಷಯ’ ಎನ್ನುವ ಮೊದಲು ತಾನು ದಿನವೂ ಆಡುವ ಪದವೇ ಅವನನ್ನು ತಡೆಯಬೇಕು.

ಇಲ್ಲಿ ಶ್ಲೇಷೆಯ ಕೆಲಸವನ್ನು ಗಮನಿಸಬೇಕು. ಅದು ಎರಡು ಅರ್ಥಗಳನ್ನು ಜಾಣತನಕ್ಕಾಗಿ ಒಟ್ಟಿಗೆ ಇಡುವುದಿಲ್ಲ. ಸತ್ತವನಿಗೆ ಯಾವ ಸಂಸ್ಕಾರ ಸಲ್ಲಬೇಕು ಎಂಬ ಪ್ರಶ್ನೆ ಮೆಲ್ಲನೆ ಬದುಕಿರುವವರಿಗೆ ಯಾವ ಸಂಸ್ಕಾರವಿದೆ ಎಂಬ ಪ್ರಶ್ನೆಯಾಗಿ ತಿರುಗುತ್ತದೆ. ಪ್ರಶ್ನೆ ಕೇಳಿದವನೇ ಉತ್ತರ ಕೊಡಬೇಕಾದ ಸ್ಥಿತಿಗೆ ಬರುತ್ತಾನೆ. ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಟ್ಟ ಕೂಡಲೇ, ಒಲ್ಲೆನೆಂದಿದ್ದವರಲ್ಲೇ ತಾನು ಮಾಡುವೆನೆಂಬ ಆಸೆ ಹುಟ್ಟುವುದನ್ನು ನೋಡಿದರೆ ಈ ತಿರುವು ಎಷ್ಟು ಬೇಗ ಆಗುತ್ತದೆಂಬುದು ತಿಳಿಯುತ್ತದೆ.

ಇಲಿ ಇಲಿಯೇ

ಈಗ ನಮ್ಮ ಪಟ್ಟಿಯ ಮೊದಲ ಸಾಲಿಗೆ ಬರೋಣ. ಇಲಿ ಪಾಪದ ಸಂಕೇತ, ಹದ್ದು ಮೃತ್ಯುವಿನ ಸಂಕೇತವೆಂದು ನಾವು ಬರೆದಿದ್ದೆವು. ಕತೆಯಲ್ಲಿ ನಡೆಯುವುದೇನು? ಇಲಿಗಳು ಎಲ್ಲೆಂದರಲ್ಲಿ ಸತ್ತು ಬೀಳುತ್ತವೆ. ಅವುಗಳನ್ನು ಹುಡುಕಿ ಹದ್ದುಗಳು ಬಂದು ಮನೆಗಳ ಮಾಡಿನ ಮೇಲೆ ಕೂರುತ್ತವೆ. ಬ್ರಾಹ್ಮಣರು ಇದನ್ನು ಅಪಶಕುನವೆಂದು ತಿಳಿದು ಶಂಖ ಊದಿ ಜಾಗಟೆ ಬಡಿದು ಓಡಿಸುತ್ತಾರೆ. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದವನು ಎಂಬುದು ಎಲ್ಲರಿಗೂ ಗೊತ್ತು. ಆದರೂ ಇದು ಪ್ಲೇಗ್ ಎಂಬ ಮಾತು ಅಗ್ರಹಾರದ ಒಳಗಿನಿಂದ ಹುಟ್ಟುವುದಿಲ್ಲ.

ಅಂದರೆ ಇಲಿಯನ್ನು ಸಂಕೇತವಾಗಿ ಓದಿದವರು ನಮಗಿಂತ ಮೊದಲು ಕತೆಯ ಒಳಗೇ ಇದ್ದಾರೆ! ಅವರ ಓದು ತಪ್ಪಾಗಿತ್ತು. ಆ ತಪ್ಪಿಗೆ ಜನ ಸತ್ತರು. ಸತ್ತ ಇಲಿ ಅವರಿಗೆ ಹೇಳುತ್ತಿದ್ದುದು ತೀರ ಸರಳವಾದ ಒಂದು ಸಂಗತಿಯನ್ನು: ಊರು ಬಿಡಿ, ಹೆಣವನ್ನು ಬೇಗ ಸುಡಿ. ಪಾಪ, ಶಾಪ, ಬ್ರಹ್ಮರಾಕ್ಷಸ ಎಂಬ ದೊಡ್ಡ ಅರ್ಥಗಳ ಗದ್ದಲದಲ್ಲಿ ಈ ಸಣ್ಣ ಅರ್ಥ ಯಾರ ಕಿವಿಗೂ ಬೀಳಲಿಲ್ಲ. ‘ಇಲಿ ಪಾಪದ ಸಂಕೇತ’ ಎಂದು ಹಲಗೆಯ ಮೇಲೆ ಬರೆದಾಗ ನಾವು ಕಾದಂಬರಿಯನ್ನು ವಿವರಿಸುತ್ತಿರಲಿಲ್ಲ. ಕಾದಂಬರಿ ಯಾರನ್ನು ತೂಗಿ ನೋಡುತ್ತಿದೆಯೋ ಅವರ ಸಾಲಿನಲ್ಲಿ ಹೋಗಿ ಕುಳಿತಿದ್ದೆವು.

ಹಾಗೆಂದು ಪ್ಲೇಗ್ ಬರಿಯ ಪ್ಲೇಗ್ ಮಾತ್ರವೆಂದು ಹೇಳಲಾಗದು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಹೋಗಿದ್ದಾಗ ನೋಡಿದ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಚಲನಚಿತ್ರ ಈ ಕೃತಿಗೆ ಪ್ರೇರಣೆಯಾಯಿತೆಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಪ್ರಕಟಣಾ ಗ್ರಂಥದ ಏಳನೆಯ ಮುದ್ರೆಯಿಂದ ಹೆಸರು ಪಡೆದ ಆ ಚಿತ್ರದಲ್ಲೂ ಮಹಾಮಾರಿಯಿದೆ, ದೇವರ ಮೌನವಿದೆ. ಆದ್ದರಿಂದ ದೂರ್ವಾಸಪುರದ ಪ್ಲೇಗಿಗೆ ಧ್ವನಿಯಿದೆ: ಒಳಗೆ ಕೊಳೆತದ್ದು ಹೊರಗೆ ನಾರುತ್ತಿದೆ ಎಂಬುದು ಓದುಗನಿಗೆ ಕೇಳಿಸುತ್ತದೆ. ಆದರೆ ಆ ಧ್ವನಿ ಹೊಮ್ಮುವುದು ಇಲಿ ಇಲಿಯಾಗಿಯೇ ಸತ್ತು ನಾರಿದಾಗ ಮಾತ್ರ.

ಓದುಗನಿಗಷ್ಟೇ ತಿಳಿದಿರುವುದು

ಕೃತಿಯ ಅತ್ಯಂತ ಬಲವಾದ ತಂತ್ರವು ಪ್ರತೀಕದಲ್ಲಿಲ್ಲ, ನಾಟಕೀಯ ವ್ಯಂಗ್ಯದಲ್ಲಿದೆ ಎಂದು ನಾವು ಈಗ ಭಾವಿಸುತ್ತೇವೆ. ಆಚಾರ್ಯರೊಡನೆ ಕೂಡಿದ ರಾತ್ರಿ ಚಂದ್ರಿ ನಾರಣಪ್ಪನ ಮನೆಗೆ ಮರಳುತ್ತಾಳೆ. ಕೊಳೆಯತೊಡಗಿದ ದೇಹವನ್ನು ಕಂಡು, ಇನ್ನು ಕಾಯಲಾರದೆ, ನಾರಣಪ್ಪನಿಂದ ಉಪಕಾರ ಪಡೆದಿದ್ದ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ಸಹಾಯ ಕೇಳುತ್ತಾಳೆ. ಅವನು ಗಾಡಿ ತರುತ್ತಾನೆ, ಸೌದೆ ತರುತ್ತಾನೆ. ಮಂತ್ರವಿಲ್ಲದೆ, ಯಾರಿಗೂ ತಿಳಿಯದೆ ಹೆಣ ಸುಟ್ಟು ಬೂದಿಯಾಗುತ್ತದೆ. ಬಳಿಕ ಅವಳು ಹೊರಟುಹೋಗುತ್ತಾಳೆ.

ಇದಾದ ಮೇಲೂ ಬ್ರಾಹ್ಮಣರು ಊರೂರು ಅಲೆಯುತ್ತಾರೆ, ಮಠಕ್ಕೆ ಹೋಗುತ್ತಾರೆ, ಗುರುಗಳ ಅಪ್ಪಣೆ ಬೇಡುತ್ತಾರೆ. ಇಲ್ಲದ ಹೆಣಕ್ಕೆ ಶಾಸ್ತ್ರಾರ್ಥ ನಡೆಯುತ್ತದೆ. ದಾರಿಯಲ್ಲಿ ಅವರಲ್ಲೇ ಕೆಲವರು ರೋಗಕ್ಕೆ ತುತ್ತಾಗುತ್ತಾರೆ. ಓದುಗನಿಗೆ ಮಾತ್ರ ನಿಜ ಗೊತ್ತು. ವ್ಯಂಗ್ಯದ ಕೆಲಸವೇ ಇದು: ನಮ್ಮನ್ನು ತಿಳಿದವರ ಜಾಗದಲ್ಲಿ ಕೂರಿಸಿ, ತಿಳಿಯದವರ ಚಡಪಡಿಕೆಯನ್ನು ನೋಡಲು ಬಿಡುವುದು. ಲೇಖಕರು ಎಲ್ಲಿಯೂ ನಿಂತು ‘ನೋಡಿ, ಕರುಣೆಯ ಕೆಲಸ ಮಾಡಿದವರು ಒಬ್ಬ ವೇಶ್ಯೆ ಮತ್ತು ಒಬ್ಬ ಮುಸ್ಲಿಮ’ ಎಂದು ಬೆರಳು ತೋರಿಸುವುದಿಲ್ಲ. ಹಾಗೆ ತೋರಿಸಿದ್ದರೆ ಅದು ನೀತಿಪಾಠವಾಗುತ್ತಿತ್ತು. ನಾವು ತಲೆದೂಗಿ ಪುಸ್ತಕ ಮುಚ್ಚುತ್ತಿದ್ದೆವು. ಸುಮ್ಮನೆ ಹೇಳಿ ಮುಂದಕ್ಕೆ ಹೋದುದರಿಂದ ಆ ಚಿತೆ ಕೊನೆಯ ಪುಟದವರೆಗೂ ಓದುಗನ ಮನಸ್ಸಿನಲ್ಲಿ ಉರಿಯುತ್ತಲೇ ಇರುತ್ತದೆ.

ಪುರಾಣ ಕೇಳಿದ ಯುವಕ

ರೂಪಕಭಾಷೆ ಕೇಳುಗನಿಗೆ ಏನು ಮಾಡಬಲ್ಲದೆಂಬ ಪ್ರಶ್ನೆಯನ್ನೂ ಕಾದಂಬರಿ ತನ್ನೊಳಗೇ ಎತ್ತಿಕೊಂಡಿದೆ. ಪ್ರಾಣೇಶಾಚಾರ್ಯರು ಜಗಲಿಯಲ್ಲಿ ಕಾವ್ಯ ಪುರಾಣಗಳನ್ನು ಓದಿ ಅರ್ಥ ಹೇಳುತ್ತಿದ್ದವರು. ಶಕುಂತಲೆಯ ಚೆಲುವಿನ ವರ್ಣನೆಯನ್ನು ಅವರ ಬಾಯಿಂದ ಕೇಳಿದ ಯುವಕನೊಬ್ಬ ಎದ್ದು ಹೊಳೆಯ ಕಡೆಗೆ ನಡೆದು ಅಲ್ಲಿ ಕಂಡ ಹೊಲೆಯರ ಹುಡುಗಿಯನ್ನು ಕೂಡಿದ. ಇದನ್ನು ಆಚಾರ್ಯರ ಮುಖಕ್ಕೆ ಹೇಳಿದವನು ನಾರಣಪ್ಪ. ಆಚಾರ್ಯರು ಬಳಿಕ ಶೃಂಗಾರದ ವಾಚನವನ್ನು ಕೈಬಿಟ್ಟು ನೀತಿಕಥೆಗಳಿಗೆ ಹೊರಳುತ್ತಾರೆ. ಕೇಳುಗನ ಆಸಕ್ತಿಯೂ ಅಲ್ಲಿಗೆ ಮುಗಿಯುತ್ತದೆ.

ಈ ಸಣ್ಣ ಪ್ರಸಂಗವನ್ನು ಪ್ರಬೋಧನೆ ಮಾಡುವವರೆಲ್ಲರೂ ಮತ್ತೆ ಮತ್ತೆ ಓದಬೇಕು. ಆಚಾರ್ಯರಿಗೆ ಉಪಮೆ ವಿವರಿಸಿ ಮುಗಿಸಬೇಕಾದ ಪಾಠ. ಯುವಕನಿಗೆ ಅದು ಮೈಗೆ ತಾಗಿದ ಅನುಭವ. ಅವನು ಮಾಡಿದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಆದರೆ ಕಾವ್ಯವನ್ನು ಅಪಾಯವಿಲ್ಲದ ವಸ್ತುವೆಂದು ಭಾವಿಸಿದ್ದ ವಿದ್ವಾಂಸನಿಗಿಂತ, ಅದರಿಂದ ಕದಲಿಹೋದವನೇ ಅದನ್ನು ಹೆಚ್ಚು ನಿಜವಾಗಿ ಕೇಳಿಸಿಕೊಂಡ. ಅಪಾಯ ಕಂಡ ಕೂಡಲೇ ನೀತಿಕಥೆಗೆ ಹಿಂದಿರುಗುವ ಆಚಾರ್ಯರ ದಾರಿ ನಮಗೆ ಚೆನ್ನಾಗಿ ಪರಿಚಿತ. ಪರಮ ಗೀತೆಯಂಥ ಗ್ರಂಥ ಕೈಯಲ್ಲಿದ್ದೂ ಅದರ ಮೇಲೆ ಪ್ರಬೋಧನೆ ಮಾಡಲು ನಮ್ಮಲ್ಲಿ ಎಷ್ಟು ಮಂದಿಗೆ ಧೈರ್ಯವಿದೆ?

ರೂಪಕ ಸೋಲುವಲ್ಲಿ

ಕೃತಿಯನ್ನು ಮೆಚ್ಚುವುದೆಂದರೆ ಅದರ ಮಿತಿಯನ್ನು ಮುಚ್ಚಿಡುವುದಲ್ಲ. ‘ಸಂಸ್ಕಾರ’ದ ಹೆಣ್ಣುಗಳನ್ನು ನೋಡಿದರೆ ಅಲ್ಲಿನ ರೂಪಕಭಾಷೆ ಎರಡು ಪಾಲಾಗಿರುವುದು ಕಾಣುತ್ತದೆ. ಬ್ರಾಹ್ಮಣ ಸ್ತ್ರೀಯರು ಬತ್ತಿದವರು, ಬಾಡಿದವರು. ಆಚಾರ್ಯರ ರೋಗಿಷ್ಠ ಹೆಂಡತಿ ಭಾಗೀರಥಿ ಅದರ ತುದಿ. ಚಂದ್ರಿ ಮತ್ತು ಬೆಳ್ಳಿ ನೆಲದಂತೆ, ನೀರಿನಂತೆ ತುಂಬಿದವರು. ಈ ಉಪಮೆಗಳು ಗಂಡಸಿನ ಕಣ್ಣಿನಿಂದ ಹುಟ್ಟಿದವು. ಹೆಣ್ಣು ಪ್ರಕೃತಿಯ ಹೆಸರಾದಾಗ ಅವಳ ಮಾತಿಗೆ ಜಾಗ ಕಡಿಮೆಯಾಗುತ್ತದೆ. ಚಂದ್ರಿ ಈ ರೂಪಕವನ್ನು ಮೀರುವುದು ಒಮ್ಮೆ ಮಾತ್ರ, ಹೆಣ ಸುಡಿಸಲು ಹೊರಟ ಆ ರಾತ್ರಿ. ಅಲ್ಲಿ ಅವಳು ಯಾವುದರ ಸಂಕೇತವೂ ಅಲ್ಲ. ಸತ್ತವನ ಉಪ್ಪು ತಿಂದ ಒಬ್ಬ ಮನುಷ್ಯಳು. ಆ ಬಳಿಕ ಕಾದಂಬರಿ ಅವಳನ್ನು ಹಿಂದೆ ಬಿಟ್ಟು ಆಚಾರ್ಯರ ಅಂತರಂಗದ ಬೆನ್ನು ಹತ್ತುತ್ತದೆ.

ಇದಕ್ಕಿಂತ ಗಾಢವಾದ ಮೌನ ಹೊಲಗೇರಿಯದು. ಬೆಳ್ಳಿಯ ಕೇರಿಯಲ್ಲೂ ಇಲಿ ಬೀಳುತ್ತದೆ, ಜನ ಸಾಯುತ್ತಾರೆ. ಸತ್ತವರನ್ನು ಗುಡಿಸಲಿನೊಡನೆಯೇ ಸುಟ್ಟುಬಿಡಲಾಗುತ್ತದೆ. ಒಂದು ಹೆಣದ ಸುತ್ತ ಇಡೀ ಕಾದಂಬರಿ ಸುತ್ತುತ್ತಿರುವಾಗ ಈ ಹೆಣಗಳ ಸಂಸ್ಕಾರ ಪ್ರಶ್ನೆಯೇ ಆಗುವುದಿಲ್ಲ. ಅಗ್ರಹಾರದವರ ಕುರುಡನ್ನು ತೋರಿಸಲೆಂದೇ ಲೇಖಕರು ಹೀಗೆ ಮಾಡಿದ್ದಾರೆಂದು ವಾದಿಸಬಹುದು. ಆ ವಾದದಲ್ಲಿ ಹುರುಳಿದೆ. ಆದರೂ ಒಬ್ಬ ಬ್ರಾಹ್ಮಣನ ಆತ್ಮದ ಬಿಕ್ಕಟ್ಟಿಗೆ ಹಿನ್ನೆಲೆಯ ಬೆಂಕಿಯಾಗಿ ಉರಿಯುವುದಷ್ಟೇ ಆ ಗುಡಿಸಲುಗಳ ಪಾಲಿಗೆ ಬಂದಿದೆ ಎಂಬ ಅಸಮಾಧಾನ ನಮ್ಮಲ್ಲಿ ಉಳಿಯುತ್ತದೆ. ಕೇಳಬೇಕಾದ ಪ್ರಶ್ನೆ ಇದು: ಈ ರೂಪಕ ಯಾರಿಗೆ ಅರ್ಥವನ್ನು ಕೊಡುತ್ತಿದೆ, ಅದಕ್ಕಾಗಿ ಯಾರ ಸಾವನ್ನು ಬಳಸಿಕೊಂಡಿದೆ?

ನಮ್ಮ ಅಂಗಳದ ಹೆಣ

ಇಲ್ಲಿಯವರೆಗೆ ಓದಿದ ಸಹಯಾಜಕರು ‘ಇದೆಲ್ಲ ಅಗ್ರಹಾರದ ಕತೆ, ವೈದಿಕರ ಟೀಕೆ’ ಎಂದು ಭಾವಿಸುವ ಸಾಧ್ಯತೆಯಿದೆ. ಕ್ರೈಸ್ತ ಓದುಗನಿಗೆ ಅದಕ್ಕಿಂತ ದೊಡ್ಡ ಪ್ರಲೋಭನೆ ಇನ್ನೊಂದಿಲ್ಲ. ತಮಿಳುನಾಡಿನ ತಿರುಚಿರಾಪಳ್ಳಿಯ ಕಥೋಲಿಕ ಸಮಾಧಿಭೂಮಿಯೊಂದರಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆ ದೀರ್ಘಕಾಲ ವಿವಾದದ ವಸ್ತುವಾಗಿದೆ. ಧರ್ಮಸಭೆಯೊಳಗೆ ದಲಿತರಿಗೆ ಆಗುತ್ತಿರುವ ತಾರತಮ್ಯವನ್ನು ಒಪ್ಪಿಕೊಂಡು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತ ಸಬಲೀಕರಣದ ಧೋರಣೆಯನ್ನು ಪ್ರಕಟಿಸಬೇಕಾಯಿತು. ಹೆಣವನ್ನೂ ಜಾತಿಯನ್ನೂ ಒಟ್ಟಿಗೆ ಅಳೆಯುವ ಕಲೆಯನ್ನು ನಾವು ಯಾರಿಂದಲೂ ಎರವಲು ಪಡೆಯಬೇಕಾಗಿಲ್ಲ.

ಆದರೆ ನಾವು ಹೇಳಲೇಬೇಕಾದದ್ದು ಇದಕ್ಕಿಂತ ಹತ್ತಿರದ್ದು. ದೀಕ್ಷೆಯಾದ ಹೊಸತರಲ್ಲಿ ಸಹಾಯಕ ಗುರುಗಳಾಗಿ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆವು. ಹಿರಿಯ ಗುರುಗಳು ಊರಲ್ಲಿಲ್ಲದ ದಿನ ಬೆಳಗ್ಗೆ ಸಾವಿನ ಸುದ್ದಿ ಬಂತು. ಸತ್ತಾತ ವಿವಾಹ ಸಂಸ್ಕಾರವಿಲ್ಲದೆ ಒಬ್ಬ ಹೆಂಗಸಿನೊಡನೆ ಹಲವು ವರ್ಷ ಬಾಳಿದವನು. ದೇವಾಲಯದ ಮೆಟ್ಟಿಲು ಹತ್ತುವುದನ್ನು ಬಿಟ್ಟವನು. ನಾವು ಧರ್ಮಸಭೆಯ ಕಾನೂನು ಸಂಹಿತೆಯನ್ನು ತೆರೆದೆವು. 1983ರ ಸಂಹಿತೆಯ 1184ನೆಯ ನಿಯಮ ಯಾರಿಗೆ ಅಂತ್ಯಕ್ರಿಯೆಯನ್ನು ನಿರಾಕರಿಸಬೇಕೆಂದು ಹೇಳುತ್ತದೆ. ಸಂದೇಹವಿದ್ದರೆ ಧರ್ಮಾಧ್ಯಕ್ಷರನ್ನು ಕೇಳಬೇಕೆಂದೂ ಹೇಳುತ್ತದೆ. ದೂರವಾಣಿ ಮಾಡಿದೆವು, ಉತ್ತರ ಹೇಳಬೇಕಾದವರು ಆ ಹೊತ್ತಿಗೆ ಸಿಗಲಿಲ್ಲ. ಕಾದೆವು. ಸಂಜೆ ಆ ಮನೆಗೆ ಹೋದಾಗ ಅಕ್ಕಪಕ್ಕದವರು, ಬೇರೆ ಧರ್ಮದವರು, ಎಲ್ಲಿಂದಲೋ ಮಂಜುಗಡ್ಡೆ ತಂದು ಹೆಣದ ಸುತ್ತ ಇಟ್ಟಿದ್ದರು. ಬಾಗಿಲಲ್ಲಿ ಕುಳಿತಿದ್ದ ಆ ಹೆಂಗಸು ನಮ್ಮನ್ನು ನೋಡಿ ಕೇಳಿದ್ದು ಒಂದೇ ಮಾತು: “ಸ್ವಾಮಿ, ಪುಸ್ತಕದಲ್ಲಿ ಸಿಕ್ತಾ?”

ಮಾರನೆಯ ದಿನ ಅನುಮತಿ ಬಂತು, ಸಮಾಧಿ ಮಾಡಿದೆವು. ಆದರೆ ನಾವು ತೆರೆದಿಟ್ಟ ಆ ನಿಯಮವೇ ಸಾಯುವ ಮುನ್ನ ಆತ ಪಶ್ಚಾತ್ತಾಪದ ಏನಾದರೂ ಕುರುಹು ತೋರಿದ್ದನೇ ಎಂದು ವಿಚಾರಿಸುತ್ತದೆ. ಅದನ್ನು ಬಲ್ಲವಳು ಒಬ್ಬಳೇ. ಪುಸ್ತಕವನ್ನು ಕೇಳಿದೆವು, ಮೇಲಿನವರನ್ನು ಕೇಳಿದೆವು; ಅವಳನ್ನು ಕೇಳಲಿಲ್ಲ. ಕಾದಂಬರಿಯಲ್ಲಿ ಜ್ವರದ ಬೇಗೆಯಲ್ಲಿ ನಾರಣಪ್ಪ ದೇವರ ಹೆಸರು ಕರೆದನೆಂದು ಹೇಳುವವಳೂ ಚಂದ್ರಿಯೇ. ಅವಳ ಮಾತು ಯಾವ ಶಾಸ್ತ್ರಾರ್ಥದಲ್ಲೂ ಪ್ರಮಾಣವಾಗಲಿಲ್ಲ.

ಈ ಘಟನೆಗೆ ಮುಂಚೆಯೇ ನಾವು ‘ಸಂಸ್ಕಾರ’ವನ್ನು ಓದಿದ್ದೆವು. ಆ ದಿನ ಅದು ನೆನಪಿಗೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ, ಏಕೆಂದರೆ ನಮ್ಮ ಓದಿನಲ್ಲಿ ಪ್ರಾಣೇಶಾಚಾರ್ಯರು ಸಂಪ್ರದಾಯದ ಸಂಕೇತವಾಗಿದ್ದರು, ಚಂದ್ರಿ ಪ್ರಕೃತಿಯ ಸಂಕೇತವಾಗಿದ್ದಳು, ಹೆಣ ಕೊಳೆತ ವ್ಯವಸ್ಥೆಯ ಸಂಕೇತವಾಗಿತ್ತು. ಸಂಕೇತಗಳು ಮಂಜುಗಡ್ಡೆಯ ಮೇಲೆ ಮಲಗಿರುವುದಿಲ್ಲ. ಬಳಿಕ ಅಧ್ಯಾಪಕರಾಗಿ ಅದೇ ಪಟ್ಟಿಯನ್ನು ಹಲಗೆಯ ಮೇಲೆ ಬರೆದೆವು. ಒಂದು ವರ್ಷ ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬ ಎದ್ದು, “ಅಷ್ಟು ಹೊತ್ತು ಏನು ಮಾಡೋಣವೆಂದು ಯಾರೂ ಚಂದ್ರಿಯನ್ನು ಕೇಳಲೇ ಇಲ್ಲವಲ್ಲ, ಫಾದರ್?” ಎಂದ. ಪಟ್ಟಿಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಸಾಮತಿಗೆ ಮರಳಿ

ಪಟ್ಟಿಯ ಓದಿಗೆ ನಮ್ಮ ಪರಂಪರೆಯಲ್ಲಿ ಘನವಾದ ಪೂರ್ವಜರಿದ್ದಾರೆ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ಸಂತ ಅಗಸ್ಟೀನರು ಬಿಡಿಬಿಡಿಯಾಗಿ ಅನ್ವಯಿಸಿದರು: ದಾರಿಹೋಕನು ಆದಾಮ, ಕಳ್ಳರು ಪಿಶಾಚಿ ಮತ್ತು ಅವನ ದೂತರು, ಯಾಜಕ ಮತ್ತು ಲೇವಿಯು ಹ‍ಳೆಯ ಒಡಂಬಡಿಕೆಯ ಯಾಜಕತ್ವ ಮತ್ತು ಸೇವೆ, ಸಮಾರಿಯದವನು ಕ್ರಿಸ್ತ, ಛತ್ರ ಧರ್ಮಸಭೆ, ಛತ್ರದವನು ಪ್ರೇಷಿತ ಪೌಲ. 1888ರಲ್ಲಿ ಯೂಲಿಷರ್ ಅವರು ಸಾಮತಿಗೂ ಅನ್ಯೋಕ್ತಿಗೂ ನಡುವೆ ಗೆರೆ ಎಳೆದರು. 1935ರಲ್ಲಿ ಡಾಡ್ ಅವರು ಅಗಸ್ಟೀನರ ಇದೇ ವ್ಯಾಖ್ಯಾನವನ್ನು ಉದಾಹರಿಸಿ ಟೀಕಿಸಿದರು. ಅಲ್ಲಿಂದೀಚೆಗೆ ಅದನ್ನು ಹಾಸ್ಯ ಮಾಡುವುದು ಸುಲಭವಾಗಿದೆ. ನಾವು ಹಾಸ್ಯ ಮಾಡುವುದಿಲ್ಲ. ಬಿದ್ದ ಮಾನವನನ್ನು ಎತ್ತಿಕೊಂಡ ಕ್ರಿಸ್ತನನ್ನು ಅಲ್ಲಿ ಕಂಡ ಅಗಸ್ಟೀನರ ವಿಶ್ವಾಸ ಸತ್ಯವಾದದ್ದು.

ಆ ಓದಿನ ಬೆಲೆಯನ್ನು ಮಾತ್ರ ಲೆಕ್ಕ ಹಾಕಬೇಕು. ಯಾಜಕನೂ ಲೇವಿಯೂ ‘ಹಳೆಯ ಒಡಂಬಡಿಕೆ’ಯಾದ ಕೂಡಲೇ ಕೇಳುತ್ತಿರುವ ಯಾಜಕನು ಪಾರಾಗುತ್ತಾನೆ. ದಾಟಿಹೋದವರು ಯಾರೋ ಹಳಬರು. ಅವನು ಛತ್ರದ ಒಳಗೆ ಸುರಕ್ಷಿತ. ಕತೆಯನ್ನು ಕತೆಯಾಗಿ ಕೇಳಿದರೆ ಆ ನೆಮ್ಮದಿ ಸಿಗದು. ಯಾಜಕರ ಗ್ರಂಥದ 21ನೆಯ ಅಧ್ಯಾಯವು ಹತ್ತಿರದ ಬಂಧುಗಳ ಹೊರತು ಬೇರೆ ಹೆಣದಿಂದ ಮೈಲಿಗೆಯಾಗಬಾರದೆಂದು ಯಾಜಕನಿಗೆ ವಿಧಿಸುತ್ತದೆ. ದಾರಿಯಲ್ಲಿ ಬಿದ್ದವನು ಸತ್ತಿರಬಹುದು. ಸಾಮತಿ ಅವನ ಮನಸ್ಸಿನ ಕಾರಣವನ್ನು ಹೇಳುವುದಿಲ್ಲ. ಆದರೆ ಕೇಳುಗರಿಗೆ ಆ ನಿಯಮ ಗೊತ್ತಿತ್ತು. ಅಲ್ಲಿಯೂ ದೇಹವೊಂದು ಕಾಯುತ್ತಿದೆ, ಪುಸ್ತಕ ಬಲ್ಲವರು ದಾಟಿಹೋಗುತ್ತಾರೆ, ಎತ್ತಿಕೊಳ್ಳುವವನು ಹೊರಗಿನವನು. ಅದೇ ಪವಿತ್ರ ಗ್ರಂಥದಲ್ಲಿ ಊಟದ ಮುಂದಿನಿಂದ ಎದ್ದುಹೋಗಿ ಅನಾಥ ಹೆಣವನ್ನು ತಂದು ಹೂಳಿದ ತೊಬಿತನೂ ಇದ್ದಾನೆ.

‘ಸಂಸ್ಕಾರ’ದ ಎಲ್ಲ ರೂಪಕಗಳನ್ನೂ ‘ಬ್ರಾಹ್ಮಣಿಕೆ’ಯ ಸಂಕೇತಗಳಾಗಿ ಓದಿ ಮುಗಿಸುವ ಕ್ರೈಸ್ತ ಓದುಗ ಮಾಡುವುದೂ ಇದನ್ನೇ: ದಾಟಿಹೋದವರನ್ನು ಬೇರೆಯವರನ್ನಾಗಿ ಮಾಡುವುದು. ರೂಪಕಭಾಷೆಯ ಜೀವ ಅನ್ವಯದ ನಿಖರತೆಯಲ್ಲಿಲ್ಲ. ಓದುಗ ತನಗೆ ಗೊತ್ತಿಲ್ಲದೆಯೇ ಕತೆಯೊಳಗೆ ಒಂದು ಜಾಗದಲ್ಲಿ ಕುಳಿತುಬಿಟ್ಟಿರುತ್ತಾನೆ. ಆ ಜಾಗ ಯಾವುದೆಂದು ಅವನಿಗೆ ಥಟ್ಟನೆ ಕಾಣುವ ಹಾಗೆ ಮಾಡುವುದೇ ಅದರ ಶಕ್ತಿ. ಕಾದಂಬರಿ ಆಚಾರ್ಯರನ್ನು ಕಪಟಿಯೆಂದು ತೋರಿಸುವುದಿಲ್ಲ ಎಂಬುದನ್ನು ಗಮನಿಸಿದರೆ ಇದು ಇನ್ನೂ ಸ್ಪಷ್ಟ. ಅವರು ಪ್ರಾಮಾಣಿಕರು, ದಯಾಳುಗಳು, ಹೆಂಡತಿಯ ಶುಶ್ರೂಷೆಯನ್ನು ವ್ರತದಂತೆ ನಡೆಸಿದವರು. ಕೆಟ್ಟವನ ಕತೆಯಾಗಿದ್ದರೆ ನಾವು ಅವನಿಂದ ದೂರ ನಿಲ್ಲಬಹುದಿತ್ತು.

ಈಗ ನಮ್ಮ ತರಗತಿಯ ಕರಿಹಲಗೆಯ ಮೇಲೆ ಆ ಗೆರೆ ಇಲ್ಲ. ಕತೆಯಲ್ಲಿ ಯಾರಿಗೆ ಏನಾಯಿತೆಂಬುದನ್ನು ಮೊದಲು ಹೇಳಿಸುತ್ತೇವೆ. ಕತೆಯ ಒಳಗೆ ಕುರುಹುಗಳನ್ನು ಓದುತ್ತಿರುವವರು ಯಾರು, ಎಲ್ಲಿ ಎಡವುತ್ತಾರೆ ಎಂಬುದನ್ನು ಹುಡುಕಿಸುತ್ತೇವೆ. ಅವರಿಗಿಲ್ಲದ ಯಾವ ತಿಳಿವಳಿಕೆ ಓದುಗರಾದ ನಮಗಿದೆ, ಯಾರ ದನಿ ಕೇಳಿಬರಲಿಲ್ಲ ಎಂದು ವಿಚಾರಿಸುತ್ತೇವೆ. ಸಂಕೇತದ ಮಾತು ಇವೆಲ್ಲ ಮುಗಿದ ಮೇಲೆ ಬರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ‘ಸಂಸ್ಕಾರ’ದ ಮೊದಲ ಪಾಠದಂದು ವಿದ್ಯಾರ್ಥಿಗಳಿಗೆ ಕೊಡುವ ಪ್ರಶ್ನೆ ಒಂದೇ, ಅದನ್ನು ನಾವೂ ಪ್ರತಿವರ್ಷ ಅವರೊಡನೆ ಕುಳಿತು ಉತ್ತರಿಸುತ್ತೇವೆ: ಹೆಣ ಎಲ್ಲಿದೆ, ಈಗ ಅದರ ಬಳಿ ಯಾರಿದ್ದಾರೆ?